ಜಗಲಿಯ ಮಾತು: ಮೂರು ಕಾನೂನು, ಒಬ್ಬ ಮಾಣಿ

ಈ ಸಲ ಜಗಲಿಯಲ್ಲಿ ಕುಳಿತು ಹಬ್ಬದ ಅಡಿಗೆಯ ವಿಚಾರ ನಾಲ್ಕು ಮಾತು ಆಡೋಣವೆಂದಿದ್ದೆ. ಎಗ್ಮೋರಿನ ಹಿರಿಯರೊಬ್ಬರು ಆ ಎಣಿಕೆಯನ್ನು ತಲೆಕೆಳಗು ಮಾಡಿಬಿಟ್ಟರು. ಅವರಿಗೂ ಅಡಿಗೆಗೂ ಸಂಬಂಧವಿಲ್ಲದೆ ಇಲ್ಲ. ಐವತ್ತು ವರ್ಷ ಎಗ್ಮೋರ್ ಸ್ಟೇಷನ್ನಿನ ಎದುರಿನ ಬೀದಿಗಳಲ್ಲಿ ಲೋಟ ತೊಳೆದು, ಹಿಟ್ಟು ಕಡೆದು, ಎಲೆ ಹಾಕಿ, ಕೊನೆಗೆ ಒಲೆಯ ಮುಂದೆ ನಿಂತು ಕೂದಲು ನರೆಯಿಸಿಕೊಂಡವರು ಅವರು. ಹೆಸರು ಹಾಕಬೇಡಿ ಎಂದಿದ್ದಾರೆ. ಸಂಘದಲ್ಲಿ ಎಲ್ಲರೂ ಅವರನ್ನು ಭಟ್ಟರೆಂದೇ ಕರೆಯುವುದು. ನಾನೂ ಹಾಗೆಯೇ ಕರೆಯುತ್ತೇನೆ.

ನಡೆದದ್ದು ಇಷ್ಟು. ಕಳೆದ ಸಲ ಸಂಘದ ಕಾರ್ಯಕ್ರಮ ಮುಗಿದು ಎಲ್ಲರೂ ಊಟಕ್ಕೆ ಕುಳಿತಿದ್ದೆವು. ಭಟ್ಟರ ಪಕ್ಕದಲ್ಲಿ ಅವರ ಮೊಮ್ಮಗಳು, ಎಂಟನೆಯ ತರಗತಿಯ ಹುಡುಗಿ. ಅವಳಿಗೆ ಏನು ತೋಚಿತೋ, ಎಲೆಯ ಮುಂದೆಯೇ ಕೇಳಿದಳು:

“ಅಜ್ಜ, ನೀವು ಊರು ಬಿಟ್ಟು ಇಲ್ಲಿಗೆ ಬಂದಾಗ ನಿಮಗೆ ಎಷ್ಟು ವರ್ಷ?”

“ಹದಿಮೂರು.”

“ಬಂದ ಕೂಡಲೇ ಹೋಟೆಲಿಗೆ ಸೇರಿದ್ದಾ?”

“ಮರುದಿನ ಬೆಳಗ್ಗೆ.”

“ಹಾಗಾದರೆ ನೀವು ಬಾಲಕಾರ್ಮಿಕರು. ನಮ್ಮ ಪುಸ್ತಕದಲ್ಲಿ ಉಂಟು. ನಿಮ್ಮನ್ನು ಕೆಲಸಕ್ಕೆ ಇಟ್ಟುಕೊಂಡವರನ್ನು ಜೈಲಿಗೆ ಹಾಕಬೇಕಿತ್ತು.”

ಸುತ್ತಲಿದ್ದವರು ನಕ್ಕರು. ಭಟ್ಟರು ನಗಲಿಲ್ಲ. ಕೈಯಲ್ಲಿದ್ದ ತುತ್ತನ್ನು ಎಲೆಗೆ ಇಳಿಸಿ, “ನಾನು ಕಾರ್ಮಿಕ ಅಲ್ಲ, ಮಾಣಿ” ಎಂದಷ್ಟೇ ಹೇಳಿ, ಮಜ್ಜಿಗೆಗೂ ಕಾಯದೆ ಎದ್ದು ಕೈತೊಳೆಯಲು ಹೋದರು. ಅಡಿಗೆಯವರು ಊಟದ ನಡುವೆ ಎದ್ದು ಹೋಗುವುದೆಂದರೆ ಸಣ್ಣ ಮಾತಲ್ಲ. ಮುಂದಿನ ಭಾನುವಾರ ನಾನು ಅವರ ಮನೆಗೆ ಹೋದೆ.

ಮನೆಯೆಂದರೆ ಎಗ್ಮೋರಿನ ಒಂದು ಒಳಬೀದಿಯಲ್ಲಿ ಮಗನ ಎರಡು ಕೋಣೆಯ ಫ್ಲ್ಯಾಟು. ಕಿಟಕಿಯಿಂದ ಸ್ಟೇಷನ್ನಿನ ಗುಮ್ಮಟದ ತುದಿ ಕಾಣುತ್ತದೆ. ಭಟ್ಟರಿಗೆ ಎಂಬತ್ತೈದರ ಹತ್ತಿರ. ಕಣ್ಣು ಮಂಜಾಗಿದೆ, ಕಿವಿ ಚುರುಕಾಗಿದೆ. ನಾನು ಕುಳಿತುಕೊಳ್ಳುವ ಮೊದಲೇ ಮಾತಿಗೆ ತೊಡಗಿದರು.

“ನೋಡಿ, ನನ್ನ ಆಯುಷ್ಯದಲ್ಲಿ ಮೂರು ಸಲ ಸರಕಾರ ಕಾನೂನು ಮಾಡಿತು. ಮೂರು ಸಲವೂ ಏಟು ಬಿದ್ದದ್ದು ನನ್ನ ಬೆನ್ನಿಗೆ. ಮೂರು ಸಲವೂ ಊರೆಲ್ಲ ಒಳ್ಳೆಯದಾಯಿತು ಎಂದಿತು. ಒಳ್ಳೆಯದೇ ಇರಬಹುದು, ಇಲ್ಲವೆನ್ನುವುದಿಲ್ಲ. ಆದರೆ ನಾನು ಏನು ಮಾಡಿದ್ದೆ ಮಾರಾಯ್ರೆ? ನಾನೇನು ಸಾಹುಕಾರನೇ, ಜಮೀನ್ದಾರನೇ?”

ಈ ಪ್ರಶ್ನೆಗೆ ಅಂದು ನನ್ನಲ್ಲಿ ಉತ್ತರವಿರಲಿಲ್ಲ. ಆದ್ದರಿಂದ ಅವರು ಹೇಳಿದ್ದನ್ನು ಹೇಳಿದಂತೆ ನಿಮ್ಮ ಮುಂದೆ ಇಡುತ್ತೇನೆ.

ಅವರದು ಉಡುಪಿಯ ಹತ್ತಿರದ ಹಳ್ಳಿ. ಮನೆಮಾತು ತುಳು, ಕಲಿತದ್ದು ಕನ್ನಡ ಶಾಲೆಯಲ್ಲಿ ಐದನೆಯ ತರಗತಿಯವರೆಗೆ. ತಂದೆ ದೇವಸ್ಥಾನದ ಅಡಿಗೆಗೆ ಹೋಗುತ್ತಿದ್ದವರು. ಜ್ವರ ಬಂದು ತೀರಿಕೊಂಡರು. ಮನೆಯಲ್ಲಿ ಉಳಿದದ್ದು ತಾಯಿ, ಇಬ್ಬರು ತಂಗಿಯರು, ಮತ್ತು ಗೇಣಿಗೆ ಕೊಟ್ಟಿದ್ದ ಒಂದೂವರೆ ಎಕರೆ ಗದ್ದೆ. ೧೯೫೩ರಲ್ಲಿ ಸೋದರಮಾವ ಬಂದು ಹುಡುಗನನ್ನು ಕರೆದುಕೊಂಡು ಹೊರಟರು. ಉಡುಪಿಗೆ ಆಗ ರೈಲು ಇರಲಿಲ್ಲ. ಕೊಂಕಣ ರೈಲ್ವೆ ಪೂರ್ತಿಯಾಗಿ ತೆರೆದದ್ದು ೧೯೯೮ರಲ್ಲಿ ತಾನೆ. ಮಂಗಳೂರಿನವರೆಗೆ ಬಸ್ಸು, ಅಲ್ಲಿಂದ ಮದರಾಸಿಗೆ ರೈಲು, ಸೆಂಟ್ರಲಿನಿಂದ ಎಗ್ಮೋರಿಗೆ ತಲೆಯ ಮೇಲೆ ಟ್ರಂಕು ಹೊತ್ತು ನಡಿಗೆ.

ಇಲ್ಲಿ ಒಂದು ಮಾತನ್ನು ನಮ್ಮ ಕಿರಿಯ ಓದುಗರು ನೆನಪಿಡಬೇಕು. ಅಂದು ಆ ಹುಡುಗ ಪರರಾಜ್ಯಕ್ಕೆ ಬರಲಿಲ್ಲ. ಟಿಪ್ಪು ಸುಲ್ತಾನನ ಪತನವಾದ ೧೭೯೯ರಿಂದ ಕನ್ನಡ ಜಿಲ್ಲೆ ಇಂಗ್ಲಿಷರ ಕೈಗೆ ಬಂದು ಮದರಾಸಿಗೆ ಸೇರಿತ್ತು. ೧೮೬೨ರಲ್ಲಿ ಉತ್ತರ ಕನ್ನಡವನ್ನು ಮುಂಬಯಿಗೆ ಕೊಟ್ಟರು. ದಕ್ಷಿಣ ಕನ್ನಡ ಮದರಾಸಿನಲ್ಲೇ ಉಳಿಯಿತು. ಉಡುಪಿಯ ಮಾಣಿಗೆ ಮದರಾಸು ತನ್ನದೇ ರಾಜಧಾನಿ. ಬೆಂಗಳೂರೇ ಅವನ ಪಾಲಿಗೆ ಪರರಾಜ್ಯ! ೧೯೫೬ರ ನವೆಂಬರ್ ೧ರಂದು ರಾಜ್ಯಗಳ ಪುನರ್ವಿಂಗಡಣೆಯಾಯಿತು. ದಕ್ಷಿಣ ಕನ್ನಡ ಮೈಸೂರು ರಾಜ್ಯಕ್ಕೆ ಬಂತು, ಕಾಸರಗೋಡು ಕೇರಳಕ್ಕೆ ಹೋಯಿತು. ಊರಲ್ಲಿ ಸಂಭ್ರಮ. ಭಟ್ಟರು ಎಗ್ಮೋರಿನಲ್ಲಿ ಅಂದು ಎಂದಿನಂತೆ ಮೇಜು ಒರೆಸುತ್ತಿದ್ದರು. ಒರೆಸುತ್ತಿದ್ದ ಹಾಗೆಯೇ ಹೊರಗಿನವರಾದರು. “ನಾನು ಎಲ್ಲಿಗೂ ಹೋಗಲಿಲ್ಲ, ಗಡಿಯೇ ಎದ್ದು ಆಚೆ ಹೋಯಿತು” ಎನ್ನುತ್ತಾರೆ. ಇದನ್ನು ಅವರು ಏಟಿನ ಲೆಕ್ಕಕ್ಕೆ ಹಿಡಿದಿಲ್ಲ. ಬರೀ ವಿಚಿತ್ರವೆನ್ನುತ್ತಾರೆ, ಅಷ್ಟೆ.

ಅಂದಿನ ಎಗ್ಮೋರನ್ನು ಸ್ವಲ್ಪ ಕಣ್ಣಮುಂದೆ ತಂದುಕೊಳ್ಳಿ. ೧೯೦೮ರಲ್ಲಿ ತೆರೆದ ಕೆಂಪು ಬಿಳುಪಿನ ಸ್ಟೇಷನ್ನು. ದಕ್ಷಿಣದ ಮೀಟರ್‌ಗೇಜ್ ರೈಲುಗಳೆಲ್ಲ ಅಲ್ಲಿಗೆ. ತಿರುಚ್ಚಿ, ಮಧುರೆ, ತೂತ್ತುಕುಡಿ ಕಡೆಯ ಜನ ಬೆಳಗಿನ ಜಾವಕ್ಕೆ ಬಂದು ಇಳಿಯುತ್ತಿದ್ದರು. ಧನುಷ್ಕೋಟಿಯವರೆಗೆ ಹೋಗಿ ಸಿಂಹಳಕ್ಕೆ ಹಡಗು ಹತ್ತುವವರ ಬೋಟ್ ಮೇಲೂ ಅಲ್ಲಿಂದಲೇ. ೧೯೬೪ರ ಚಂಡಮಾರುತದಲ್ಲಿ ಧನುಷ್ಕೋಟಿ ಕೊಚ್ಚಿಹೋಗುವತನಕ ಆ ಹಾದಿ ನಡೆಯಿತು. ರೈಲಿನಿಂದ ಇಳಿದವನಿಗೆ ಮೊದಲು ಬೇಕಾದ್ದು ಕಾಫಿ. ಆದ್ದರಿಂದ ಸ್ಟೇಷನ್ನಿನ ಎದುರಿನ ಹೋಟೆಲುಗಳಲ್ಲಿ ಮೂರು ಗಂಟೆಗೆ ಒಲೆ ಹೊತ್ತಬೇಕು. ಮೂರಕ್ಕೆ ಒಲೆ ಹೊತ್ತಬೇಕಾದರೆ ಮಾಣಿ ಎರಡೂವರೆಗೆ ಏಳಬೇಕು. ರಾತ್ರಿ ಹತ್ತಕ್ಕೆ ಮೇಜುಗಳನ್ನು ಜೋಡಿಸಿ ಅವುಗಳ ಮೇಲೆಯೇ ಮಲಗುವುದು. ಸಂಬಳವನ್ನು ಯಜಮಾನರು ನೇರವಾಗಿ ಮನಿಆರ್ಡರ್ ಮಾಡಿ ಊರಿಗೆ ಕಳುಹಿಸುತ್ತಿದ್ದರು. ಹುಡುಗನ ಕೈಗೆ ಕಾಸು ಬರುತ್ತಿರಲಿಲ್ಲ. ಆದರೆ ಹೊಟ್ಟೆ ತುಂಬುತ್ತಿತ್ತು. “ಅದು ಸಣ್ಣದಲ್ಲ” ಎಂದು ಭಟ್ಟರು ಎರಡು ಸಲ ಹೇಳಿದರು.

ಇನ್ನೊಂದು ಆಸೆಯೂ ಇತ್ತು. ಉಡುಪಿ ಸೀಮೆಯಿಂದ ಬರಿಗೈಯಲ್ಲಿ ಬಂದ ಕೆ. ಕೃಷ್ಣರಾಯರು ಮೌಂಟ್ ರೋಡಿನಲ್ಲಿ ಹೋಟೆಲು ನಡೆಸಿ, ೧೯೩೮ರಲ್ಲಿ ರಾಯಪೇಟೆಯಲ್ಲಿ ವುಡ್‌ಲ್ಯಾಂಡ್ಸ್ ತೆರೆದವರು. ಎಗ್ಮೋರಿನ ಮಗ್ಗುಲಲ್ಲೇ, ಪೂನಮಲ್ಲಿ ಹೈರೋಡಿನಲ್ಲಿ, ಐವತ್ತರ ದಶಕದಲ್ಲಿ ದಾಸಪ್ರಕಾಶ ಎದ್ದು ನಿಂತಿತು. ಲೋಟ ತೊಳೆಯುವ ಪ್ರತಿಯೊಬ್ಬ ಮಾಣಿಯೂ ತಾನು ನಾಳೆಯ ಕೃಷ್ಣರಾಯನೆಂದು ತಿಳಿಯುತ್ತಿದ್ದ ಕಾಲ ಅದು. ಸಾವಿರದಲ್ಲಿ ಒಬ್ಬರಿಗೆ ಗಲ್ಲಾಪೆಟ್ಟಿಗೆಯ ಕುರ್ಚಿ ಸಿಕ್ಕಿತು. ಉಳಿದವರ ಕಥೆಯನ್ನು ಬರೆದವರು ಕಡಮೆ.

ಈಗ ಮೊದಲನೆಯ ಏಟಿಗೆ ಬರೋಣ.

ಭಟ್ಟರು ಕೆಲಸಕ್ಕೆ ಸೇರಿದ ಹೋಟೆಲಿನಲ್ಲಿ ಯಾರಿಗೆ ಎಲ್ಲಿ, ಯಾವ ಲೋಟದಲ್ಲಿ ಎಂಬುದಕ್ಕೆ ಒಂದು ಬರೆಯದ ಪಟ್ಟಿ ಇತ್ತು. ಈ ಪದ್ಧತಿಯ ವಿರುದ್ಧ ಮದರಾಸಿನಲ್ಲಿ ಬಹಳ ಹಿಂದಿನಿಂದಲೂ ಕೂಗು ಇತ್ತು. ರೈಲ್ವೆ ಸ್ಟೇಷನ್ನುಗಳ ಫಲಾಹಾರ ಮಂದಿರಗಳಲ್ಲಿ ಬ್ರಾಹ್ಮಣರಿಗೊಂದು ಕಡೆ, ಇತರರಿಗೊಂದು ಕಡೆ ಎಂದಿದ್ದ ಏರ್ಪಾಡು ೧೯೪೧ರಲ್ಲೇ ನಿಂತಿತ್ತು. ಆದರೂ ಖಾಸಗಿ ಹೋಟೆಲುಗಳಲ್ಲಿ ರೂಢಿ ಅಷ್ಟು ಬೇಗ ಸಾಯಲಿಲ್ಲ. ಭಟ್ಟರ ಹೋಟೆಲಿನಲ್ಲಿ ಒಳಕೋಣೆ ಒಂದಿತ್ತು. ಹೊರಗೆ ಬೆಂಚುಗಳಿದ್ದವು. ಹಿತ್ತಿಲ ಬಾಗಿಲಲ್ಲಿ ಒಂದು ಕಲ್ಲುಚಪ್ಪಡಿ, ಅದರ ಮೇಲೆ ಬೇರೆಯಾಗಿಟ್ಟ ನಾಲ್ಕು ಗಾಜಿನ ಲೋಟ. ಸ್ಟೇಷನ್ನಿನಲ್ಲಿ ಹೊರೆ ಹೊರುವ ಕೆಲವರು ಅಲ್ಲಿ ಬಂದು ಕಾಫಿ ಕುಡಿದು, ಲೋಟವನ್ನು ತಾವೇ ತೊಳೆದು ಕವುಚಿಟ್ಟು ಹೋಗಬೇಕು. ಹದಿಮೂರು ವರ್ಷದ ಹುಡುಗ ಈ ಪಾಠವನ್ನು ಮಗ್ಗಿ ಕಲಿತಂತೆ ಕಲಿತ. ಯಾರೂ ಅದನ್ನು ತಪ್ಪೆಂದು ಅವನಿಗೆ ಹೇಳಿರಲಿಲ್ಲ, ಸರಿಯೆಂದೂ ವಿವರಿಸಿರಲಿಲ್ಲ.

೧೯೫೫ರಲ್ಲಿ ಅಸ್ಪೃಶ್ಯತಾ ಅಪರಾಧಗಳ ಕಾಯಿದೆ ಬಂತು. ಸಾರ್ವಜನಿಕ ಹೋಟೆಲಿನೊಳಗೆ ಬರುವುದನ್ನು ತಡೆಯುವುದು ಮಾತ್ರವಲ್ಲ, ಅಲ್ಲಿನ ಪಾತ್ರೆಗಳನ್ನು ಬಳಸಗೊಡದಿರುವುದೂ ಶಿಕ್ಷಾರ್ಹ ಅಪರಾಧವಾಯಿತು. ಭಟ್ಟರು ಆಗ ಹದಿನೈದರ ಹುಡುಗ, ಸಪ್ಲೈಗೆ ನಿಂತು ಎರಡು ತಿಂಗಳಾಗಿತ್ತು. ಒಂದು ಮಧ್ಯಾಹ್ನ, ಹಿತ್ತಿಲಿಗೆ ಬರುತ್ತಿದ್ದ ಹೊರೆಯಾಳುಗಳಲ್ಲಿ ಒಬ್ಬ ಮುಂಬಾಗಿಲಿನಿಂದ ಬಂದು ನಡುವಿನ ಮೇಜಿನ ಮುಂದೆ ಕುಳಿತ. ಕೆಂಪು ಅಂಗಿ, ತೋಳಿಗೆ ಹಿತ್ತಾಳೆಯ ಬಿಲ್ಲೆ. ಒಂದು ಕಾಫಿ ಎಂದ.

“ನಾನು ಡವರಾ ಹಿಡಿದು ಅಲ್ಲೇ ನಿಂತೆ. ಕಾಲು ಏಳಲಿಲ್ಲ. ಯಜಮಾನರ ಮುಖ ನೋಡಿದೆ. ಅವರು ಗಲ್ಲದಲ್ಲಿ ಕುಳಿತು ಕಣ್ಣಿನಲ್ಲೇ ‘ಕೊಡು’ ಎಂದರು. ಕೊಟ್ಟೆ. ಕೈ ನಡುಗಿ ಅರ್ಧ ಕಾಫಿ ಡವರಾದಲ್ಲೇ ಚೆಲ್ಲಿತು. ಅವನು ಕುಡಿದ. ಕುಡಿದ ಮೇಲೆ ಏನು ಮಾಡಿದ ಗೊತ್ತುಂಟಾ? ಲೋಟ ಎತ್ತಿಕೊಂಡು ತೊಳೆಯಲಿಕ್ಕೆ ಹಿತ್ತಿಲಿಗೆ ಹೊರಟ. ಅಭ್ಯಾಸ. ಅಷ್ಟು ಧೈರ್ಯ ಮಾಡಿ ಒಳಗೆ ಬಂದವನಿಗೆ ಅದೊಂದು ಮರೆತುಹೋಗಿತ್ತು.”

“ನೀವು ಲೋಟ ತೆಗೆದುಕೊಂಡಿರಾ?” ಎಂದು ಕೇಳಿದೆ.

ಭಟ್ಟರು ಬಹಳ ಹೊತ್ತು ಸುಮ್ಮನಿದ್ದರು. “ಇಲ್ಲ” ಎಂದರು. “ತೆಗೆದುಕೊಳ್ಳಬೇಕಿತ್ತು. ನೋಡುತ್ತಾ ನಿಂತೆ. ಅವನು ತೊಳೆದು ಕವುಚಿಟ್ಟು ಹೋದ. ಮರುದಿನದಿಂದ ಬೇರೆ ಯಾವುದೋ ಹೋಟೆಲಿಗೆ ಹೋಗುತ್ತಿದ್ದನಂತೆ.”

ಆ ರಾತ್ರಿ ಹಿರಿಯ ಅಡಿಗೆಯವರೊಬ್ಬರು ಹುಡುಗನನ್ನು ಕರೆದು, ನಿನ್ನ ಕೈಯಿಂದ ಕುಲ ಕೆಟ್ಟಿತು ಎಂದು ಗದರಿದರಂತೆ. ಎರಡು ವರ್ಷ ಕಳೆದು, ೧೯೫೭ರಲ್ಲಿ, ತಿರುವಲ್ಲಿಕ್ಕೇಣಿಯ ಹೋಟೆಲೊಂದರ ಬೋರ್ಡಿನ ಮೇಲಿದ್ದ ಬ್ರಾಹ್ಮಣ ಎಂಬ ಪದವನ್ನು ಅಳಿಸಬೇಕೆಂದು ಪೆರಿಯಾರ್ ಇ.ವೆ. ರಾಮಸ್ವಾಮಿಯವರ ಅನುಯಾಯಿಗಳು ದಿನವೂ ಸತ್ಯಾಗ್ರಹ ಹೂಡಿ ಜೈಲಿಗೆ ಹೋಗತೊಡಗಿದರು. ಮುಂದಿನ ವರ್ಷ ಆ ಪದ ಬೋರ್ಡಿನಿಂದ ಹೋಯಿತು. ಆ ದಿನಗಳಲ್ಲಿ ಬೀದಿಯಲ್ಲಿ ನಡೆದರೆ ಹುಡುಗರು ಭಟ್ಟರ ಜುಟ್ಟು ನೋಡಿ ಕೂಗುತ್ತಿದ್ದರು. ಹೀಗೆ ಒಳಗಿನವರಿಗೆ ಕುಲಗೆಟ್ಟವನು, ಹೊರಗಿನವರಿಗೆ ಕುಲದವನು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬ ಗಾದೆಯ ನಡುವಿನ ನೊಗದಂತೆ ಆಯಿತು ಹುಡುಗನ ಸ್ಥಿತಿ. ಜುಟ್ಟು ತೆಗೆಸಿದರು. ಊರಿಗೆ ಹೋದಾಗ ತಾಯಿ ಅತ್ತರು.

ಮತ್ತೊಂದು ವಿಚಾರ: ಪೆರಿಯಾರರು ಹುಟ್ಟಿದ್ದು ಈರೋಡಿನ ಕನ್ನಡ ಮನೆಮಾತಿನ ಕುಟುಂಬದಲ್ಲಿ. ಇಂದು ಪೂನಮಲ್ಲಿ ಹೈರೋಡಿಗೆ ಅವರದೇ ಹೆಸರು. ದಾಸಪ್ರಕಾಶ ಹೋಯಿತು, ರಸ್ತೆಯ ಹೆಸರು ನಿಂತಿತು. ಭಟ್ಟರ ಮಗನ ಬ್ಯಾಂಕಿನ ಪತ್ರಗಳೆಲ್ಲ ಆ ರಸ್ತೆಯ ವಿಳಾಸದಿಂದಲೇ ಬರುತ್ತವೆ.

ಎರಡನೆಯ ಏಟು ಊರಿನಿಂದ ಬಂತು. ನಮ್ಮಲ್ಲಿ ಅನೇಕರ ಮನೆಗಳಲ್ಲಿ ಈ ವಿಷಯ ಇಂದಿಗೂ ಪಿಸುಮಾತಿನಲ್ಲಿ ನಡೆಯುವುದರಿಂದ ಸ್ವಲ್ಪ ಬಿಡಿಸಿಯೇ ಹೇಳುತ್ತೇನೆ.

ದಕ್ಷಿಣ ಕನ್ನಡದಲ್ಲಿ ಗೇಣಿ ಎರಡು ಬಗೆ. ಮೂಲಗೇಣಿಯೆಂದರೆ ಶಾಶ್ವತ, ಒಕ್ಕಲನ್ನು ಏಳಿಸುವ ಹಾಗಿಲ್ಲ. ಚಾಲಗೇಣಿಯೆಂದರೆ ಧಣಿಯ ಮನಸ್ಸು ಇರುವಷ್ಟು ದಿನ. ಭಟ್ಟರ ಒಂದೂವರೆ ಎಕರೆ ಚಾಲಗೇಣಿಗೆ ಕೊಟ್ಟದ್ದು. ವರ್ಷಕ್ಕೆ ಎಂಟು ಮುಡಿ ಅಕ್ಕಿ ಬರುತ್ತಿತ್ತು. ತಾಯಿಗೂ ತಂಗಿಯರಿಗೂ ಅದೇ ಊಟ. ಎಗ್ಮೋರಿನಿಂದ ಹೋಗುವ ಮನಿಆರ್ಡರು ಬಟ್ಟೆಗೆ, ಎಣ್ಣೆಗೆ, ತಂಗಿಯರ ಮದುವೆಯ ಸಾಲಕ್ಕೆ. ಭಟ್ಟರ ಮನಸ್ಸಿನಲ್ಲಿ ಒಂದು ನಕ್ಷೆಯಿತ್ತು: ಐವತ್ತು ವರ್ಷಕ್ಕೆ ಕೆಲಸ ಬಿಡುವುದು, ಊರಿಗೆ ಹೋಗುವುದು, ಗದ್ದೆಯನ್ನು ಸ್ವಂತ ಮಾಡಿಸುವುದು.

ದೇವರಾಜ ಅರಸರ ಸರಕಾರದ ಭೂಸುಧಾರಣೆಯ ತಿದ್ದುಪಡಿ ೧೯೭೪ರ ಮಾರ್ಚ್ ೧ರಂದು ಜಾರಿಗೆ ಬಂತು. ಗೇಣಿಗೆ ಕೊಟ್ಟ ಭೂಮಿಯೆಲ್ಲ ಅಂದೇ ಸರಕಾರಕ್ಕೆ ಸೇರಿತು. ಉಳುವ ಒಕ್ಕಲು ಏಳನೆಯ ನಮೂನೆಯಲ್ಲಿ ಅರ್ಜಿ ಕೊಟ್ಟರೆ ಭೂನ್ಯಾಯಮಂಡಳಿ ವಿಚಾರಿಸಿ ಅವನಿಗೆ ಹಕ್ಕು ಕೊಡುವುದು. ಸೈನಿಕರೂ ನಾವಿಕರೂ ಗೇಣಿಗೆ ಕೊಟ್ಟ ಭೂಮಿಗೆ ಬೇರೆ ನಿಯಮವಿತ್ತು. ದೂರದಲ್ಲಿದ್ದು ದುಡಿಯುವವರು, ತಾವೇ ಉಳಲಾರರು ಎಂಬುದು ಅದರ ಹಿಂದಿನ ವಿಚಾರ. “ನಾನೂ ದೂರದಲ್ಲಿದ್ದು ದುಡಿಯುವವನೇ ತಾನೆ?” ಎಂದರು ಭಟ್ಟರು. ನಿಜ. ಆದರೆ ಹೋಟೆಲಿನ ಮಾಣಿಗೆ ಕಾಯಿದೆಯಲ್ಲಿ ಜಾಗವಿರಲಿಲ್ಲ. ಗದ್ದೆ ಹೋಯಿತು. ಪರಿಹಾರವೆಂದು ಬಂದ ಹಣ ಸಣ್ಣ ತಂಗಿಯ ಬಾಣಂತನಕ್ಕೆ ಸರಿಹೋಯಿತು. ಭಟ್ಟರು ಊರಿಗೆ ಹಿಂದಿರುಗುವ ಮಾತು ಅಂದಿಗೆ ಮುಗಿಯಿತು. ಇಲ್ಲಿನವರೇ ಆಗಿಬಿಟ್ಟರು, ಬೇರೆ ದಾರಿಯಿಲ್ಲದೆ.

ದೊಡ್ಡ ಧಣಿಗಳಿಗೆ ಇದರಿಂದ ನಷ್ಟವಾಗಲಿಲ್ಲವೇ? ಆಯಿತು. ಆದರೆ ಅವರ ಮಕ್ಕಳು ಆಗಲೇ ಓದಿ ಬ್ಯಾಂಕುಗಳಲ್ಲಿ, ಆಸ್ಪತ್ರೆಗಳಲ್ಲಿ, ಮುಂಬಯಿಯಲ್ಲಿ ಇದ್ದರು. ಕಾಯಿದೆ ದೊಡ್ಡ ಮೀನಿಗಾಗಿ ಬೀಸಿದ ಬಲೆ. ಸಣ್ಣ ಮೀನೂ ಸಿಕ್ಕಿತು. ಬಲೆಯಿಂದ ಎತ್ತಿ ನೀರಿಗೆ ಬಿಡಲು ಯಾರಿಗೂ ಪುರುಸೊತ್ತು ಇರಲಿಲ್ಲ.

ಇಷ್ಟೆಲ್ಲ ಹೇಳಿ ಭಟ್ಟರು ತಾವಾಗಿಯೇ ಇನ್ನೊಂದು ಮಾತು ಹೇಳಿದರು. ಅದನ್ನು ನಾನು ಕೇಳಿರಲಿಲ್ಲ.

“ಒಕ್ಕಲಿನವನ ಹೆಂಡತಿ ಮುಡಿ ಹೊತ್ತು ತರುತ್ತಿದ್ದಳು. ಅಂಗಳದಲ್ಲಿ ಇಳಿಸಿ ನಿಲ್ಲುತ್ತಿದ್ದಳು. ಮಳೆ ಬಂದರೂ ಜಗಲಿ ಹತ್ತುವ ಹಾಗಿಲ್ಲ. ನನ್ನ ತಾಯಿ ಒಳ್ಳೆಯವರು. ಆದರೂ ಹತ್ತು ಎಂದು ಹೇಳಿದ್ದು ನಾನು ಕೇಳಿದ್ದಿಲ್ಲ.”

ಈ ಅಂಕಣಕ್ಕೆ ಜಗಲಿಯೆಂದು ಹೆಸರಿಟ್ಟುಕೊಂಡು ವರ್ಷಗಟ್ಟಲೆ ಮಾತಾಡುತ್ತಿರುವ ನನಗೆ ಆ ಮಾತು ನೇರವಾಗಿ ನಾಟಿತು. ನಮಗೆ ಜಗಲಿಯೆಂದರೆ ಎಲೆಅಡಿಕೆ, ಹರಟೆ, ಯಕ್ಷಗಾನದ ಮಾತು. ಅಂಗಳದಲ್ಲಿ ಮಳೆಯಲ್ಲಿ ನಿಂತವರಿಗೆ ಅದೇ ಜಗಲಿ ಎಷ್ಟು ಎತ್ತರವಾಗಿ ಕಂಡಿರಬೇಕು!

ಕೆಲವು ವರ್ಷಗಳ ಹಿಂದೆ ಭಟ್ಟರು ದೇವಸ್ಥಾನದ ಬ್ರಹ್ಮಕಲಶಕ್ಕೆಂದು ಊರಿಗೆ ಹೋಗಿದ್ದರು. ಹಳೆಯ ಗದ್ದೆಯ ಬದುವಿನಲ್ಲಿ ನಿಂತಿದ್ದಾಗ ಒಕ್ಕಲಿನವನ ಮಗ ಗುರುತು ಹಿಡಿದು ಮನೆಗೆ ಕರೆದ. ಹಂಚಿನ ಮನೆ ಹೋಗಿ ತಾರಸಿಯ ಮನೆ ಬಂದಿದೆ. ಮಗಳು ಶಾಲೆಯಲ್ಲಿ ಟೀಚರು, ಮಗ ಬೆಂಗಳೂರಿನಲ್ಲಿ ಇಂಜಿನಿಯರು. ಹೊರಡುವಾಗ ಒಂದು ಚೀಲ ಕುಚ್ಚಲಕ್ಕಿ ತಂದಿಟ್ಟ. ಭಟ್ಟರು ಬೇಡವೆಂದರು. “ಇದು ಗೇಣಿಯಲ್ಲ ಭಟ್ಟರೆ, ನೆಂಟರಿಗೆ ಕೊಡುವುದು” ಎಂದನಂತೆ. “ಅವನಿಗೆ ಹಾಗೆ ಹೇಳಲಿಕ್ಕೆ ಬಂತಲ್ಲ, ಅದು ಕಾನೂನಿನಿಂದಲೇ ಬಂದದ್ದು. ನನಗೆ ಅರ್ಥವಾಗುತ್ತದೆ. ಅರ್ಥವಾದ ಮಾತ್ರಕ್ಕೆ ನೋವು ಹೋಗುತ್ತದಾ?” ಎಂದರು ಭಟ್ಟರು.

ಮೂರನೆಯದು ೨೦೦೬ರಲ್ಲಿ. ೧೯೮೬ರ ಬಾಲಕಾರ್ಮಿಕ ಕಾಯಿದೆಯ ನಿಷೇಧ ಮೊದಲು ಅಪಾಯಕರವೆಂದು ಹೆಸರಿಸಿದ ಕೆಲಸಗಳಿಗಷ್ಟೇ ಅನ್ವಯಿಸುತ್ತಿತ್ತು. ೨೦೦೬ರ ಅಕ್ಟೋಬರ್ ೧೦ರಿಂದ ಹೋಟೆಲು, ಢಾಬಾ, ಮನೆಗೆಲಸಗಳಲ್ಲಿ ಹದಿನಾಲ್ಕು ತುಂಬದ ಮಕ್ಕಳನ್ನು ದುಡಿಸುವುದು ನಿಷಿದ್ಧವಾಯಿತು. ಭಟ್ಟರು ಆಗ ಹೋಟೆಲಿನ ಕೆಲಸ ಬಿಟ್ಟು ಒಂದು ಸಣ್ಣ ಮೆಸ್ಸಿನ ಅಡಿಗೆಯ ಮೇಲ್ವಿಚಾರಣೆ ನೋಡುತ್ತಿದ್ದರು. ತಂದೆಯಿಲ್ಲದ ಹನ್ನೆರಡು ವರ್ಷದ ಹುಡುಗನೊಬ್ಬನನ್ನು ತಾವೇ ತಂದಿಟ್ಟುಕೊಂಡಿದ್ದರು. ತಮ್ಮ ಸೋದರಮಾವ ತಮಗೆ ಮಾಡಿದ್ದನ್ನೇ ಅವನಿಗೆ ಮಾಡುತ್ತಿದ್ದೇನೆ, ಹೊಟ್ಟೆಗೆ ಹಾಕಿ ವಿದ್ಯೆ ಕಲಿಸುತ್ತಿದ್ದೇನೆ ಎಂಬ ಭಾವನೆ. ಇನ್‌ಸ್ಪೆಕ್ಟರು ಬಂದರು. ಹುಡುಗನನ್ನು ಕರೆದುಕೊಂಡು ಹೋದರು. ಭಟ್ಟರು ಒಂದು ಕಾಗದಕ್ಕೆ ರುಜು ಹಾಕಬೇಕಾಯಿತು. ಅದರಲ್ಲಿ ಏನು ಬರೆದಿತ್ತೆಂದು ಮಗ ಆಮೇಲೆ ಓದಿ ಹೇಳಿದ.

“ಹುಡುಗ ಅಳುತ್ತಾ ಹೋದ. ಶಾಲೆಗೆ ಹೋದನೋ, ಬೇರೆ ಕಡೆ ಲೋಟ ತೊಳೆದನೋ, ಗೊತ್ತಿಲ್ಲ. ಇದು ಪುಣ್ಯವೆಂದು ತಿಳಿದು ಮಾಡಿದ್ದೆ ಮಾರಾಯ್ರೆ. ಅಪರಾಧವಂತೆ. ಅದು ಅಪರಾಧವಾದರೆ ನನ್ನ ಮಾವ ಅಪರಾಧಿ, ನನ್ನ ಯಜಮಾನರು ಅಪರಾಧಿ. ಅವರು ಕೊಟ್ಟ ಅನ್ನದಿಂದ ನನ್ನ ತಂಗಿಯರ ಮದುವೆಯಾಯಿತು.”

ಓದುಗ ಬಂಧುಗಳೆ, ಭಟ್ಟರ ಸಂಕಟ ನಿಮಗೆ ಈಗ ತಿಳಿಯಿತು. ಅವರು ಯಾರನ್ನೂ ದೋಚಿದವರಲ್ಲ. ಹಿರಿಯರು ಹೇಳಿದ್ದನ್ನು ಹೇಳಿದಂತೆ ಮಾಡಿದರು. ಹಾಗೆ ಮಾಡಿದ್ದು ಒಂದೊಂದೂ, ಅವರು ಬದುಕಿರುವಾಗಲೇ, ತಪ್ಪೆಂದು ತೀರ್ಮಾನವಾಯಿತು. ದೇಶ ಬದಲಾದರೆ ಸಾಹುಕಾರ ಬೋರ್ಡು ಬದಲಿಸುತ್ತಾನೆ. ಓದಿದವನು ಮಾತು ಬದಲಿಸುತ್ತಾನೆ. ಕೈಯೊಂದೇ ಬಂಡವಾಳವಾದವನು ಏನನ್ನು ಬದಲಿಸಬೇಕು? ಬಡವನ ಕೋಪ ದವಡೆಗೆ ಮೂಲವೆಂದು ಸುಮ್ಮನಿರುತ್ತಾನೆ.

ಸುಮ್ಮನಿರುವವನನ್ನು ಎಬ್ಬಿಸಲು ಬರುವವರೂ ಇರುತ್ತಾರೆ. ಹೋಗಿದ್ದನ್ನು ನಾವು ಹಿಂದಕ್ಕೆ ತಂದುಕೊಡುತ್ತೇವೆ, ನಿನ್ನ ಕಷ್ಟಕ್ಕೆಲ್ಲ ಇಂಥವರೇ ಕಾರಣ ಎನ್ನುತ್ತಾರೆ. ಕಾವೇರಿಯ ಗಲಾಟೆಗಳಲ್ಲಿ ಎರಡೂ ಕಡೆ ಇದನ್ನು ಕಂಡಿದ್ದೇವೆ. ೧೯೯೧ರ ಡಿಸೆಂಬರಿನಲ್ಲಿ ಬೆಂಗಳೂರಿನ ತಮಿಳರು ಮನೆಮಠ ಬಿಟ್ಟು ಓಡಿದರು. ೨೦೧೬ರ ಸೆಪ್ಟೆಂಬರಿನಲ್ಲಿ ಇಲ್ಲಿ ಮೈಲಾಪುರದ ಹೆಸರಾಂತ ಹೋಟೆಲಿನ ಮೇಲೆ ಬೆಳಗಿನ ಜಾವ ಪೆಟ್ರೋಲ್ ಬಾಂಬು ಬಿತ್ತು. ಆ ವಾರವೆಲ್ಲ ಭಟ್ಟರ ಮನೆಯ ಮೆಟ್ಟಿಲ ಮೇಲೆ ಕೆಳಮನೆಯ ತಮಿಳು ಆಟೋ ಚಾಲಕ ರಾತ್ರಿ ಹನ್ನೆರಡರವರೆಗೆ ಬೀಡಿ ಸೇದುತ್ತಾ ಕುಳಿತಿರುತ್ತಿದ್ದನಂತೆ. ಯಾಕೆಂದು ಭಟ್ಟರು ಕೇಳಲಿಲ್ಲ, ಅವನೂ ಹೇಳಲಿಲ್ಲ.

ಭಟ್ಟರ ಲೆಕ್ಕದಲ್ಲಿ ಒಂದು ತಪ್ಪು ಇದೆಯೆಂದು ನನಗೆ ಮಾತಿನ ನಡುವೆಯೇ ಅನುಮಾನ ಬಂದಿತ್ತು. ಕೊನೆಗೆ ಕೇಳಿದೆ: “ಭಟ್ಟರೆ, ನೀವು ಇಲ್ಲಿನ ಸಮುದ್ರವನ್ನು ಮೊದಲು ನೋಡಿದ್ದು ಯಾವಾಗ?”

ಪ್ರಶ್ನೆ ವಿಚಿತ್ರವೆನಿಸಿರಬೇಕು. ಯೋಚಿಸಿ ಹೇಳಿದರು: “ಬಂದು ಐದಾರು ವರ್ಷವಾದ ಮೇಲೆ. ಸಮುದ್ರದ ಊರಿನವನು ನಾನು, ಒಂದು ಗಳಿಗೆ ಮರೀನಾಕ್ಕೆ ಹೋಗಿಬರಲಿಕ್ಕೆ ಐದು ವರ್ಷ ಆಯಿತು ನೋಡಿ. ಆ ಮೊದಲು ರಜೆ ಎಲ್ಲಿತ್ತು? ವಾರದ ರಜೆ ಅಂತ ಶುರುವಾದದ್ದು ಆಮೇಲೆ. ಮೊದಲನೆಯ ರಜೆಯ ದಿನ ಏನು ಮಾಡಬೇಕೆಂದು ಗೊತ್ತಾಗದೆ ಪಾಂಥಿಯನ್ ರೋಡಿನ ಮ್ಯೂಸಿಯಮ್ಮಿಗೆ ಹೋಗಿ ತಿಮಿಂಗಿಲದ ಎಲುಬು ನೋಡಿದೆ. ಎರಡನೆಯ ವಾರ ಸಮುದ್ರಕ್ಕೆ ಹೋದೆ.”

“ಆ ರಜೆ ಕೊಟ್ಟವರು ಯಾರು?”

“ಯಜಮಾನರು.”

ಅಲ್ಲ. ಮದರಾಸು ಸರಕಾರ ೧೯೫೮ರಲ್ಲಿ ಹೋಟೆಲು ಕೆಲಸಗಾರರಿಗಾಗಿಯೇ ಒಂದು ಕಾಯಿದೆ ಮಾಡಿತು. ದಿನಕ್ಕೆ ಇಷ್ಟೇ ಗಂಟೆ ದುಡಿಸಬೇಕು, ವಾರಕ್ಕೊಂದು ದಿನ ಬಿಡಬೇಕು ಎಂದು ಅದರಲ್ಲಿ ಬರೆದರು. ಯಜಮಾನರು ಒಳ್ಳೆಯವರೇ ಇರಬಹುದು. ಆದರೆ ಒಳ್ಳೆಯವರಾಗಿದ್ದ ಐದು ವರ್ಷವೂ ಅವರಿಗೆ 'ರಜೆ' ಎಂಬ ಮಾತು ತೋಚಿರಲಿಲ್ಲ. ಭಟ್ಟರ ತಾಯಿ ಒಳ್ಳೆಯವರಾಗಿದ್ದೂ ಅವರಿಗೆ 'ಜಗಲಿ ಹತ್ತು' ಎಂಬ ಮಾತು ತೋಚದಿದ್ದ ಹಾಗೆ. ಭಟ್ಟರು ಒಳ್ಳೆಯವರಾಗಿದ್ದೂ ಹನ್ನೆರಡರ ಹುಡುಗನಿಗೆ 'ಶಾಲೆ' ಎಂಬ ಮಾತು ತೋಚದಿದ್ದ ಹಾಗೆ.

ಇದನ್ನು ನಾನು ಇಷ್ಟು ನೇರವಾಗಿ ಹೇಳಲಿಲ್ಲ. ೧೯೫೮ರ ಕಾಯಿದೆಯ ವಿಷಯ ಮಾತ್ರ ಹೇಳಿದೆ. ಭಟ್ಟರು ಕಿಟಕಿಯ ಕಡೆ ನೋಡುತ್ತಾ, “ಹಾಗಾದರೆ ಅದೂ ಕಾನೂನೇ?” ಎಂದರು. ಏಟು ಬಿದ್ದಾಗ ಕಾನೂನೆಂದು ತಿಳಿಯುತ್ತದೆ. ರಜೆ ಸಿಕ್ಕಾಗ ಯಜಮಾನರ ದಯೆಯೆಂದು ಕಾಣುತ್ತದೆ. ನಾವೆಲ್ಲರೂ ಹೀಗೆಯೇ ಲೆಕ್ಕ ಇಡುವುದು.

ಇಷ್ಟರಿಂದ ಭಟ್ಟರ ಗದ್ದೆ ಹಿಂದಕ್ಕೆ ಬಂದಂತಾಗಲಿಲ್ಲ. ನ್ಯಾಯವಾದ ಬದಲಾವಣೆಯ ಖರ್ಚನ್ನು ಕೆಲವೊಮ್ಮೆ ಅದನ್ನು ಕೊಡಲಾರದವನೇ ಕೊಡಬೇಕಾಗುತ್ತದೆ. ಅದು ಅವನ ಪಾಲಿಗೆ ಅನ್ಯಾಯವೇ. ಅಂಥವರನ್ನು ನಾವು ಎರಡು ಬಗೆಯಲ್ಲಿ ಕೈಬಿಡುತ್ತೇವೆ. ನಿನ್ನದು ಹಳೆಯ ಬುದ್ಧಿ ಎಂದು ಮಕ್ಕಳು ನಗುವುದು ಒಂದು. ನೀನು ಮಾಡಿದ್ದೆಲ್ಲ ಸರಿ, ಕಾಲವೇ ಕೆಟ್ಟಿತು ಎಂದು ಗೆಳೆಯರು ತಲೆ ಸವರುವುದು ಇನ್ನೊಂದು. ಎರಡೂ ಅವರ ಮಾತನ್ನು ಕೇಳಿಸಿಕೊಳ್ಳದಿರುವ ಉಪಾಯಗಳೇ. ನಿಮ್ಮ ನಿಮ್ಮ ಮನೆಯ ಹಿರಿಯರ ಹತ್ತಿರ ಒಂದು ಭಾನುವಾರ ಕುಳಿತು ನೋಡಿ. ಯಾವ ಲೋಟವನ್ನು ಅವರು ಅಂದು ಕೈಗೆ ತೆಗೆದುಕೊಳ್ಳಲಿಲ್ಲವೆಂದು ಅವರಿಗೇ ಗೊತ್ತಿರುತ್ತದೆ. ಯಾರೂ ಕೇಳಿರುವುದಿಲ್ಲ.

ಇಂದು ಎಗ್ಮೋರ್ ಹೋಟೆಲುಗಳಲ್ಲಿ ಉಡುಪಿಯ ಮಾಣಿಗಳು ಇಲ್ಲ. ಊರಲ್ಲಿ ಎಲ್ಲರೂ ಶಾಲೆಗೆ ಹೋಗುತ್ತಾರೆ. ಮತ್ತೆ ಲೋಟ ತೊಳೆಯಲು ಯಾರು ಬರುತ್ತಾರೆ? ಆ ಕೆಲಸವನ್ನು ಅಸ್ಸಾಮಿನ, ಬಿಹಾರದ, ಒಡಿಶಾದ ಹುಡುಗರು ಮಾಡುತ್ತಿದ್ದಾರೆ. ೧೯೬೫ರಲ್ಲಿ ಹಿಂದಿ ಬೇಡವೆಂದು ಹೊತ್ತಿ ಉರಿದ ನಗರದಲ್ಲಿ ಇಂದು ಅಡಿಗೆಮನೆಗೆ ಹೋಗುವ ಕೂಗು ಅರ್ಧಕ್ಕರ್ಧ ಹಿಂದಿ. ಸ್ಟೇಷನ್ನಿನಲ್ಲಿ ೨೦೦೪ರ ಜುಲೈ ೧ಕ್ಕೆ ಮೀಟರ್‌ಗೇಜಿನ ಕೊನೆಯ ಲೋಕಲ್ ಓಡಿತು. ೨೦೧೮ರಲ್ಲಿ ನೆಲದಡಿಯ ಮೆಟ್ರೊ ಬಂತು. ಪೆಟ್ಟಿಗೆಗಳಿಗೆಲ್ಲ ಗಾಲಿ ಬಂದು ಕೆಂಪಂಗಿಯವರು ಕಂಬಕ್ಕೆ ಒರಗಿ ಕುಳಿತಿದ್ದಾರೆ. ಅವರ ಕಥೆ ಇನ್ನೊಂದು ಸಲಕ್ಕೆ ಇರಲಿ.

ಹೋದ ವಾರ ಭಟ್ಟರ ಫೋನು ಬಂತು. ಮೊಮ್ಮಗಳಿಗೆ ಉತ್ತರ ಕೊಟ್ಟರಂತೆ. “ಹೌದು ಮಗಾ, ನಿನ್ನ ಪುಸ್ತಕದಲ್ಲಿ ಇರುವುದು ಸರಿ. ನಾನು ಬಾಲಕಾರ್ಮಿಕನೇ. ಆದರೆ ಜೈಲಿನ ಮಾತು ಬೇಡ. ನನ್ನ ಮಾವನಿಗೆ ಬೇರೆ ದಾರಿ ಗೊತ್ತಿರಲಿಲ್ಲ” ಎಂದರಂತೆ. ಅವಳು ಬಂದು ಪಕ್ಕದಲ್ಲಿ ಕುಳಿತಳಂತೆ.

ಆಮೇಲೆ ನನಗೊಂದು ಕೆಲಸ ಹೇಳಿದರು. ಅವರು ಬೆಳಗ್ಗೆ ಕಾಫಿಗೆ ಹೋಗುವ ಹೋಟೆಲಿನಲ್ಲಿ ಅಸ್ಸಾಮಿನ ಹುಡುಗನೊಬ್ಬ ಇದ್ದಾನೆ, ಹತ್ತೊಂಬತ್ತು ವರ್ಷ. ಬಂದು ಎಂಟು ತಿಂಗಳಾಯಿತು. ವಾರದ ರಜೆ ಉಂಟಾ ಎಂದು ಭಟ್ಟರು ತಮಗೆ ಬರುವ ಹರಕು ಹಿಂದಿಯಲ್ಲಿ ಕೇಳಿದರೆ ಅವನು ನಕ್ಕನಂತೆ. ಸಮುದ್ರ ನೋಡಿದ್ದೀಯಾ ಎಂದರೆ ತಲೆಯಾಡಿಸಿದನಂತೆ. ಇಲ್ಲವೆಂದು.

“ಆ ಐವತ್ತೆಂಟರ ಕಾನೂನು ಈಗಲೂ ಉಂಟೋ, ಅದರ ಬದಲು ಬೇರೆ ಬಂದಿದೆಯೋ, ನೀವು ವಿಚಾರಿಸಿ ಒಂದು ಕಾಗದದಲ್ಲಿ ತಮಿಳಿನಲ್ಲಿ ಬರೆದು ಕೊಡಿ. ಮ್ಯಾನೇಜರಿಗೆ ನಾನೇ ಕೊಡುತ್ತೇನೆ. ನನ್ನ ಮಾತು ತೆಗೆದುಹಾಕುವುದಿಲ್ಲ ಅವನು, ಅವನಿಗೆ ಸಾಂಬಾರು ಕಲಿಸಿದವನು ನಾನು.”

ಕಾಗದ ಬರೆಯುತ್ತಿದ್ದೇನೆ. ನಮ್ಮ ಸಂಘದಲ್ಲಿ ವಕೀಲರು ಇದ್ದರೆ ದಯವಿಟ್ಟು ಒಮ್ಮೆ ನೋಡಿ ತಿದ್ದಿಕೊಡಿ.